ಸ್ಕ್ಯಾನರ್ ಆಮೇಲೆ ನೋಡೋಣ, ಮೊದಲು ಅಜ್ಜಿಯ ಪಕ್ಕ ಕೂರಿ

ಮನೆಯ ಹಳೇ ಫೋಟೋಗಳನ್ನು ‘ಡಿಜಿಟಲ್ ಮಾಡ್ತೀವಿ’ ಅಂತ ಹೊರಡುವವರು ಬಹುಪಾಲು ಒಂದೇ ದಾರಿ ಹಿಡಿಯುತ್ತಾರೆ. ರಜೆಯ ದಿನ ಟ್ರಂಕು ಇಳಿಸಿ, ಇದ್ದಬದ್ದ ಫೋಟೋಗಳನ್ನೆಲ್ಲ ಆಲ್ಬಮಿನಿಂದ ಕಿತ್ತು, ಸರಸರನೆ ಸ್ಕ್ಯಾನ್ ಮಾಡಿ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಸುರಿಯುತ್ತಾರೆ. ನಾಲ್ಕು ದಿನ ಎಲ್ಲರೂ ಹೃದಯದ ಚಿಹ್ನೆ ಒತ್ತುತ್ತಾರೆ. ಆಮೇಲೆ ಯಾರೋ ಕೇಳುತ್ತಾರೆ: ‘ಎಡಗಡೆ ತುದೀಲಿ ನಿಂತಿರೋರು ಯಾರು?’ ಉತ್ತರ ಗೊತ್ತಿದ್ದವರು ತೀರಿಕೊಂಡಿರುತ್ತಾರೆ.

ಕಪ್ಪು-ಬಿಳುಪು ಫೋಟೋ ಗಟ್ಟಿ ಜೀವ. ಸರಿಯಾಗಿ ಸಂಸ್ಕರಿಸಿ ತೊಳೆದ ಪ್ರಿಂಟು ನೂರು ವರ್ಷ ನಿರಾಯಾಸವಾಗಿ ಬಾಳುತ್ತದೆ. ಅದರಲ್ಲಿರುವವರ ಹೆಸರು ಬಲ್ಲವರು ಅಷ್ಟು ದಿನ ಇರುವುದಿಲ್ಲ. ಹಾಗಾಗಿ ನಾನು ಹೇಳುವ ಕ್ರಮದಲ್ಲಿ ಯಂತ್ರದ ಸರದಿ ಕೊನೆಗೆ.

1. ಒಟ್ಟುಮಾಡಿ, ಕಲಸಬೇಡಿ

ಆಲ್ಬಂ, ಲಕೋಟೆ, ಪುಸ್ತಕದ ನಡುವೆ ಸಿಕ್ಕಿಸಿಟ್ಟದ್ದು, ಗೋಡೆಯ ಫ್ರೇಮಿನೊಳಗೆ ಒಂದರ ಹಿಂದೊಂದು ಅಡಗಿರುವುದು, ಎಲ್ಲವನ್ನೂ ಒಂದು ಮೇಜಿಗೆ ತನ್ನಿ. ವರ್ಷವಾರು ಜೋಡಿಸುವ ಉತ್ಸಾಹ ಈಗಲೇ ಬೇಡ. ಯಾವ ಫೋಟೋ ಯಾವುದರ ಪಕ್ಕದಲ್ಲಿತ್ತು ಅನ್ನುವುದೂ ಸುಳಿವೇ. ಒಂದೇ ಲಕೋಟೆಯಲ್ಲಿದ್ದವು ಒಂದೇ ರೋಲಿನವು ಆಗಿರುವ ಸಂಭವ ಹೆಚ್ಚು. ಅವುಗಳಲ್ಲಿ ಒಂದರ ಕಥೆ ಗೊತ್ತಾದರೆ ಉಳಿದವೂ ಬಾಯಿ ಬಿಡುತ್ತವೆ. ಆಲ್ಬಮಿನ ಪ್ರತಿ ಪುಟವನ್ನೂ ಇದ್ದ ಹಾಗೆಯೇ ಮೊಬೈಲಿನಲ್ಲಿ ತೆಗೆದುಕೊಂಡು ಪುಟಕ್ಕೊಂದು ಸಂಖ್ಯೆ ಕೊಡಿ.

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಅಂಚು ಹಿಡಿದು ಎತ್ತಿದರೆ ಸಾಕು. ಬಟ್ಟೆಯ ಬಿಳಿ ಕೈಗವಸು ನೋಡಲು ಚೆಂದ, ಹಿಡಿತ ಸಿಗದೆ ಫೋಟೋ ಜಾರುತ್ತದೆ. ಹಾಕಲೇಬೇಕೆಂದರೆ ನೈಟ್ರೈಲ್ ಎಂಬ ತೆಳು ರಬ್ಬರಿನ ಕೈಗವಸು ಹಾಕಿ. ನೆಗೆಟಿವ್ ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ, ಆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು ಒಳಗೇ ಕೊಳೆಯತೊಡಗಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರೆ ಮಾಡಿ, ಸ್ಕ್ಯಾನ್ ಮಾಡುವ ಸರದಿಯಲ್ಲಿ ಮುಂದಕ್ಕೆ ತನ್ನಿ.

2. ಅಂಟು ಆಲ್ಬಮಿನಿಂದ ಬಿಡಿಸುವುದು

ದಪ್ಪ ರಟ್ಟಿನ ಮೇಲೆ ಅಂಟಿನ ಗೆರೆ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಇರುವ ಆಲ್ಬಂಗಳನ್ನು ‘ಮ್ಯಾಗ್ನೆಟಿಕ್’ ಎಂಬ ಹೆಸರಲ್ಲಿ ಮಾರಿದರು. ಅದರಲ್ಲಿ ಅಯಸ್ಕಾಂತ ಎಲ್ಲಿಯೂ ಇಲ್ಲ. ಇರುವುದು ಆಮ್ಲೀಯ ರಟ್ಟು, ಕಾಲ ಕಳೆದಂತೆ ಹಳದಿಗಟ್ಟುವ ಅಂಟು ಮತ್ತು ಎಷ್ಟೋ ಆಲ್ಬಂಗಳಲ್ಲಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹಾಳೆ. ಫೋಟೋ ಕಾಪಾಡಲೆಂದು ಕೊಂಡು ಫೋಟೋವನ್ನೇ ಹಾಳುಮಾಡಿಕೊಂಡ ಸರಕು ಇದಕ್ಕಿಂತ ಇನ್ನೊಂದು ನನಗೆ ಗೊತ್ತಿಲ್ಲ.

ಒಂದು ಮೂಲೆಯನ್ನು ಉಗುರಲ್ಲಿ ಮೆಲ್ಲಗೆ ಎತ್ತಿ ನೋಡಿ. ಸುಲಭವಾಗಿ ಬಂದರೆ ಸರಿ. ಬರದಿದ್ದರೆ ಎಳೆಯಬೇಡಿ, ಮೊದಲು ಇದ್ದಲ್ಲಿಯೇ, ಪ್ಲಾಸ್ಟಿಕ್ ಹಾಳೆ ಸರಿಸಿ, ಒಂದು ಒಳ್ಳೆಯ ಪ್ರತಿ ತೆಗೆದುಕೊಳ್ಳಿ. ಆಮೇಲೆ ಮೇಣ ಹಚ್ಚದ ಡೆಂಟಲ್ ಫ್ಲಾಸ್ ದಾರವನ್ನು ಮೂಲೆಯ ಕೆಳಗೆ ತೂರಿಸಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಗರಗಸದ ಹಾಗೆ ಆಚೀಚೆ ಆಡಿಸುತ್ತಾ ಮುಂದೆ ಸಾಗಿ. ದಾರ ರಟ್ಟಿಗೆ ಒತ್ತಿಕೊಂಡೇ ಇರಲಿ. ಬಾಗಿಸಬೇಕಾದರೆ ಆಲ್ಬಮಿನ ಪುಟವನ್ನು ಬಾಗಿಸಿ, ಫೋಟೋವನ್ನಲ್ಲ. ಬಾಗಿದ ಫೋಟೋದ ಮೇಲ್ಪದರ ಒಮ್ಮೆ ಸೀಳಿದರೆ ಆ ಗೆರೆ ಹೋಗುವುದಿಲ್ಲ. ಅರ್ಧ ದಾರಿಯಲ್ಲಿ ಹಟ ಹಿಡಿದರೆ ಅಲ್ಲಿಗೆ ಬಿಟ್ಟು, ಪುಟವನ್ನೇ ಫೋಟೋದ ಸುತ್ತ ಕತ್ತರಿಸಿ ತೆಗೆದಿಡಿ. ಹೇರ್ ಡ್ರೈಯರ್ ಹಿಡಿಯಿರಿ ಎನ್ನುವ ವಿಡಿಯೊಗಳಿವೆ. ಬಿಸಿಗೆ ಅಂಟು ಮೆತ್ತಗಾಗುವುದು ನಿಜ, ಜೊತೆಗೆ ಫೋಟೋ ಕೂಡ ಸೊಟ್ಟಗಾಗಬಹುದು. ನಾನಂತೂ ಬೇಡ ಎನ್ನುತ್ತೇನೆ.

ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋ? ಮುಟ್ಟಬೇಡಿ. ಫೋಟೋದ ಮೇಲಿನ ಜೆಲಟಿನ್ ಪದರ ತೇವಕ್ಕೆ ಗಾಜಿನ ಜೊತೆ ಬೆಸೆದುಕೊಂಡಿರುತ್ತದೆ. ಎಳೆದರೆ ಮುಖ ಗಾಜಿನ ಮೇಲೆ, ಕಾಗದ ನಿಮ್ಮ ಕೈಯಲ್ಲಿ. ಗಾಜಿನ ಸಮೇತ ಪ್ರತಿ ತೆಗೆದು ಹಾಗೇ ಇಡಿ.

3. ಹೆಸರು ಕೇಳುವುದು: ಎಲ್ಲರೂ ಎಡವುವ ಜಾಗ

ಇಲ್ಲಿ ಮೊದಲನೆಯ ತಪ್ಪು ಗಂಟು ದೊಡ್ಡದು ಮಾಡುವುದು. ಇನ್ನೂರು ಫೋಟೋ ಮುಂದೆ ಸುರಿದರೆ ಹಿರಿಯರು ನಲವತ್ತನೆಯದರ ಹೊತ್ತಿಗೆ ‘ಯಾರೋ ಇರ್ಬೇಕು ಬಿಡು’ ಅನ್ನತೊಡಗುತ್ತಾರೆ. ಹದಿನೈದು–ಇಪ್ಪತ್ತು ಸಾಕು. ಅವರು ಲವಲವಿಕೆಯಿಂದಿರುವ ಹೊತ್ತು ನೋಡಿ, ಕಿಟಕಿಯ ಬೆಳಕಿನಲ್ಲಿ, ಒಂದು ಭೂತಗನ್ನಡಿಯೊಂದಿಗೆ ಕೂರಿ. ಮೊಬೈಲ್ ಪರದೆಯಲ್ಲಿ ತೋರಿಸಬೇಡಿ. ಅವರು ಬೆರಳಿಟ್ಟು ತೋರಿಸಲು ಹೋದರೆ ಚಿತ್ರ ಓಡಿಹೋಗುತ್ತದೆ, ನೆನಪೂ ಅದರ ಹಿಂದೆಯೇ. ಮೂಲ ಫೋಟೋ ಕೈಗೆ ಕೊಡಿ; ಚಿಕ್ಕದಾಗಿದ್ದರೆ ದೊಡ್ಡ ಪ್ರಿಂಟು ಹಾಕಿಸಿ ಕೊಡಿ. ತಿರುಗಿಸಿ ಹಿಂಬದಿ ನೋಡುವುದು ಅವರಿಗೆ ರೂಢಿಯಿರುತ್ತದೆ, ಹಾಗೆ ತಿರುಗಿಸುವಾಗಲೇ ಒಂದೊಂದು ಮಾತು ಹೊರಬರುತ್ತದೆ.

ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿ. ಫ್ಯಾನ್ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು. ಶುರುವಿನಲ್ಲೇ ತಾರೀಖು, ಕೂತವರ ಹೆಸರು ಹೇಳಿಬಿಡಿ. ಮುಂದಿನದ್ದನ್ನು ಬಹಳ ಜನ ಮರೆಯುತ್ತಾರೆ: ಧ್ವನಿಗೆ ಕಣ್ಣಿಲ್ಲ. ಅಜ್ಜಿ ‘ಇವ್ನು ನೋಡು, ಇವ್ಳ ತಮ್ಮ’ ಅಂದದ್ದು ಮನೆಗೆ ಬಂದು ಕೇಳಿದರೆ ಯಾರು ಯಾರ ತಮ್ಮ ಎಂದು ಬ್ರಹ್ಮನಿಗೂ ತಿಳಿಯದು. ಅವರು ಬೆರಳಿಟ್ಟ ಕೂಡಲೇ ನೀವು ಗಟ್ಟಿಯಾಗಿ ಹೇಳಬೇಕು: ‘ಹನ್ನೆರಡನೇ ಫೋಟೋ, ಹಿಂದಿನ ಸಾಲು, ನಮ್ಮ ಎಡದಿಂದ ಮೂರನೆಯವರು.’ ‘ನಮ್ಮ ಎಡ’ ಎಂದೇ ಹೇಳಿ. ಫೋಟೋದಲ್ಲಿರುವವರ ಎಡವೋ ನೋಡುವವರ ಎಡವೋ ಎಂಬ ಗೊಂದಲದಲ್ಲಿ ಅಣ್ಣತಮ್ಮಂದಿರು ಅದಲುಬದಲಾದ ಮನೆಗಳಿವೆ.

ಗುಂಪು ಫೋಟೋಗೆ ಇನ್ನೂ ಸುಲಭದ ಉಪಾಯವಿದೆ. ಪ್ರಿಂಟಿನ ಜೆರಾಕ್ಸ್ ಪ್ರತಿಯ ಮೇಲೆ ಟ್ರೇಸಿಂಗ್ ಕಾಗದ ಇಟ್ಟು, ತಲೆಗಳ ಸುತ್ತ ಗೀಟು ಎಳೆದು, ಒಂದೊಂದು ತಲೆಗೂ ಸಂಖ್ಯೆ ಕೊಡಿ. ಪಕ್ಕದ ಹಾಳೆಯಲ್ಲಿ ಸಂಖ್ಯೆಯ ಮುಂದೆ ಹೆಸರು. ಮೂಲ ಫೋಟೋದ ಮೇಲೆ ಟ್ರೇಸಿಂಗ್ ಇಟ್ಟು ಒತ್ತಿ ಬರೆದರೆ ಗೀರು ಫೋಟೋದ ಮೇಲೂ ಮೂಡುತ್ತದೆ, ಎಚ್ಚರ.

ಇನ್ನು ಪ್ರಶ್ನೆ. ‘ಇದು ದೊಡ್ಡಪ್ಪ ಅಲ್ವಾ?’ ಅಂತ ಕೇಳಲೇಬೇಡಿ. ಹಿರಿಯರು ಮೊಮ್ಮಕ್ಕಳ ಮಾತು ತೆಗೆದುಹಾಕಲು ಮನಸ್ಸು ಬಾರದೆ ‘ಹೂಂ’ ಅಂದುಬಿಡುತ್ತಾರೆ, ಆ ಹೂಂ ಮುಂದಿನ ಮೂರು ತಲೆಮಾರಿಗೆ ಇತಿಹಾಸವಾಗುತ್ತದೆ. ‘ಇವರು ಯಾರು ಅಜ್ಜಿ?’ ಅಂತ ಕೇಳಿ ಸುಮ್ಮನಿರಿ. ಹೆಸರು ಬಂದ ಮೇಲೆ ಚೌಕಟ್ಟಿನ ಆಚೆಗೆ ಹೋಗಿ. ಫೋಟೋ ತೆಗೆದವರು ಯಾರು? ಅವತ್ತು ಇರಬೇಕಾಗಿದ್ದು ಇಲ್ಲದೇ ಹೋದವರು ಯಾರು? ಈ ಅಂಗಿ ಯಾರದ್ದು? ಒಂದು ಉದಾಹರಣೆ ನೋಡಿ.

‘ಈ ಕೆತ್ತನೆ ಕುರ್ಚಿ ನಿಮ್ಮನೇದಾ ಅಜ್ಜಿ?’

‘ನಮ್ಮನೇಲಿ ಎಲ್ಲಿಂದ ಬರ್ಬೇಕು? ಸ್ಟುಡಿಯೋದವ್ರದ್ದು. ಅದರ ಒಂದು ಕಾಲು ಕುಂಟು. ನಿಮ್ಮ ತಾತ ಅಲ್ಲಾಡ್ದೆ ಕೂತ್ಕೊಂಡಿರೋದು ಅದಕ್ಕೇ.’

‘ಇವರು ಯಾರು’ ಎಂದಷ್ಟೇ ಕೇಳಿ ಮುಂದಿನ ಫೋಟೋಗೆ ಹೋಗಿದ್ದರೆ ಈ ಮಾತು ಸಿಗುತ್ತಿರಲಿಲ್ಲ. ಅದೇ ಕುರ್ಚಿ, ಅದೇ ಪರದೆ ಇನ್ನೊಂದು ಫೋಟೋದಲ್ಲಿ ಕಂಡರೆ ಅದೂ ಅದೇ ಸ್ಟುಡಿಯೋದ್ದು ಎಂಬ ಸುಳಿವು ಬೇರೆ ಸಿಕ್ಕಂತಾಯಿತು.

ಮೌನ ತುಂಬಲು ಹೋಗಬೇಡಿ. ಫೋಟೋ ನೋಡುತ್ತಾ ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಕಣ್ಣು ತುಂಬಿ ಬಂದರೆ ಫೋಟೋ ಮಗುಚಿಟ್ಟು, ರೆಕಾರ್ಡಿಂಗ್ ನಿಲ್ಲಿಸಲೇ ಎಂದು ಕೇಳಿ. ‘ಇದನ್ನ ಯಾರಿಗೂ ಹೇಳ್ಬೇಡ’ ಎಂದು ಹೇಳಿದ್ದನ್ನು ಗುಂಪಿಗೆ ಹಾಕುವವರಿಗೆ ಈ ಕೆಲಸ ಹೇಳಿದ್ದಲ್ಲ.

ಸಾಧ್ಯವಾದರೆ ಎರಡನೇ ಸಲ ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿ. ‘ನಿಂಗೇನ್ ಗೊತ್ತು, ನೀನಾಗ ತೊಟ್ಟಿಲಲ್ಲಿದ್ದೆ’ ಎಂದು ಅಕ್ಕ ತಂಗಿಗೆ ಗದರಿಸುವುದರಲ್ಲೇ ಅರ್ಧ ಮಾಹಿತಿ ಇರುತ್ತದೆ. ತೀರ್ಪು ಕೊಡಬೇಡಿ. ಇಬ್ಬರ ಮಾತನ್ನೂ ಅವರವರ ಹೆಸರಿನಲ್ಲಿ ಬರೆದುಕೊಳ್ಳಿ.

ವರ್ಷ ಹಿಡಿಯಲು ದೊಡ್ಡವರ ಮುಖ ನಂಬಬೇಡಿ, ಮಕ್ಕಳನ್ನು ನೋಡಿ. ಮೂವತ್ತು ಮತ್ತು ನಲವತ್ತರ ಮುಖದಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಮುಂದಿನ ಹಲ್ಲು ಬಿದ್ದ ಹುಡುಗಿಗೆ ಆರೋ ಏಳೋ ಎಂದು ಯಾರೂ ಹೇಳಬಹುದು. ಎರಡನೇ ಮಗು ತೊಡೆಯ ಮೇಲಿದೆ, ಮೂರನೆಯದು ಇನ್ನೂ ಇಲ್ಲ ಎಂದಾದರೆ ಎರಡು ಜನ್ಮ ತಾರೀಖುಗಳ ನಡುವೆ ಫೋಟೋ ಸಿಕ್ಕಿಬಿತ್ತು. ಕೆಲವು ಹಳೇ ಪ್ರಿಂಟುಗಳ ಬಿಳಿ ಅಂಚಿನಲ್ಲಿ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ಲ್ಯಾಬಿನಲ್ಲಿ ತೊಳೆದ ಕಾಲ, ತೆಗೆದ ಕಾಲವಲ್ಲ. ರೋಲು ಕ್ಯಾಮೆರಾದಲ್ಲೇ ವರ್ಷಗಟ್ಟಲೆ ಕೂತಿದ್ದಿರಬಹುದು. ಕಾಗದ ಪ್ಲಾಸ್ಟಿಕ್ಕಿನಂತೆ ನುಣುಪಾಗಿದ್ದರೆ ಅಂಥದ್ದು ಬಳಕೆಗೆ ಬಂದದ್ದು 1970ರ ಆಸುಪಾಸಿನಿಂದ ಎಂಬುದು ನೆನಪಿರಲಿ. ಮೂಲ ಚಿತ್ರ ಹಳೆಯದಾಗಿದ್ದು ಪ್ರಿಂಟು ಆಮೇಲೆ ಹಾಕಿಸಿದ್ದೂ ಆಗಿರಬಹುದು.

4. ಬರೆದಿಡುವುದು

‘ಅತ್ತೆ, 1965’ ಎಂದು ಬರೆದರೆ ಏನೂ ಬರೆದಂತಲ್ಲ. ಅಪ್ಪನ ಅಕ್ಕನೋ, ಗಂಡನ ತಾಯಿಯೋ, ಸೋದರಮಾವನ ಹೆಂಡತಿಯೋ? ನಮ್ಮ ಸಂಬಂಧವಾಚಕಗಳು ಕರೆಯಲು ಸೊಗಸು, ಅಡಿಬರಹಕ್ಕೆ ಸಾಲವು. ಪೂರ್ತಿ ಹೆಸರು, ಯಾರ ಮಗಳು ಅಥವಾ ಮಗ, ಮನೆಯಲ್ಲಿ ಕರೆಯುತ್ತಿದ್ದ ಅಡ್ಡಹೆಸರು, ಜಾಗ, ಕಾಲ, ಇಷ್ಟನ್ನು ಹೇಳಿದವರು ಯಾರು, ಯಾವಾಗ. ಖಾತ್ರಿಯಿಲ್ಲದ ಕಡೆ ‘ಅಂದಾಜು’ ಎಂದು ಬರೆಯಲು ನಾಚಿಕೆ ಬೇಡ.

ಬಾಲ್‌ಪೆನ್ ಬೇಡವೇ ಬೇಡ. ಒತ್ತಿದ ಅಕ್ಷರ ಮುಂಬದಿಯಲ್ಲಿ ಉಬ್ಬುತ್ತದೆ. ಹಳೇ ಕಾಗದದ ಪ್ರಿಂಟಾದರೆ ಮೆತ್ತನೆಯ ಪೆನ್ಸಿಲ್, 4ಬಿ ಅಥವಾ 6ಬಿ, ಗಟ್ಟಿ ನೆಲದ ಮೇಲೆ ಮಗುಚಿಟ್ಟು ಹಿಂಬದಿಯ ಅಂಚಿನಲ್ಲಿ ಹಗುರವಾಗಿ ಒಂದು ಸಂಖ್ಯೆಯನ್ನಷ್ಟೇ ಬರೆಯಿರಿ. ವಿವರಗಳೆಲ್ಲ ನೋಟ್‌ಬುಕ್ಕಿಗೆ ಹೋಗಲಿ. ನುಣುಪು ಹಿಂಬದಿಗೆ ಪೆನ್ಸಿಲ್ ಹತ್ತುವುದಿಲ್ಲ, ಅವುಗಳ ಸಂಖ್ಯೆಯನ್ನು ಲಕೋಟೆಯ ಮೇಲೆ ಬರೆಯಿರಿ. ಫೋಟೋ ತುಂಬಿದ ಮೇಲೆ ಬರೆಯಬೇಡಿ, ಬರೆದು ಮುಗಿಸಿ ಆಮೇಲೆ ತುಂಬಿ. ಅಂಟುಚೀಟಿ, ಸೆಲ್ಲೋಟೇಪು, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡು ನಾಲ್ಕನ್ನೂ ಮೇಜಿನಿಂದಲೇ ದೂರವಿಡಿ.

5. ಈಗ ಸ್ಕ್ಯಾನ್

ಗಾಜಿನ ಮೇಲೆ ಫೋಟೋ ಮಗುಚಿಡುವ ಫ್ಲಾಟ್‌ಬೆಡ್ ಸ್ಕ್ಯಾನರ್, 600 ಡಿಪಿಐ, ಅಂದರೆ ಅಂಗುಲಕ್ಕೆ 600 ಚುಕ್ಕೆ. ಪಾಸ್‌ಪೋರ್ಟ್ ಅಳತೆಯಂಥ ಸಣ್ಣ ಫೋಟೋಗೆ 1200. ನೆಗೆಟಿವ್ ಇದ್ದರೆ 2400ಕ್ಕೆ ಕಡಿಮೆ ಬೇಡ, ಅದಕ್ಕೆ ಫಿಲ್ಮಿನ ಹಿಂದಿನಿಂದ ಬೆಳಕು ಬಿಡುವ ಸ್ಕ್ಯಾನರೇ ಬೇಕು. ಕಪ್ಪು-ಬಿಳುಪನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಕಲೆ ಯಾವುದು ನೆರಳು ಯಾವುದು ಎಂದು ಆಮೇಲೆ ಬೇರ್ಪಡಿಸಲು ಅನುಕೂಲ. ಹಿಂಬದಿಯಲ್ಲಿ ಬರಹವೋ ಮುದ್ರೆಯೋ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಫೈಲಿನ ನಮೂನೆ ಕಾಪಿಡಲು ಟಿಫ್, ಹಂಚಲು ಜೆಪೆಗ್. ಕಲರ್ ಪ್ರಿಂಟುಗಳನ್ನು ಮೊದಲು ಮುಗಿಸಿ. ಆ ಬಣ್ಣಗಳು ಕತ್ತಲಲ್ಲಿಟ್ಟರೂ ಮಾಸುತ್ತವೆ.

ಫೈಲಿಗೆ ‘1968_012’ ಎಂಬಂತೆ ವರ್ಷ ಮೊದಲು, ಆಮೇಲೆ ನೋಟ್‌ಬುಕ್ಕಿನ ಸಂಖ್ಯೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಮಸುಕು ಮುಖವನ್ನು ಫಳಫಳ ಮಾಡಿಕೊಡುವ ಎಐ ಆ್ಯಪ್‌ಗಳ ಬಗ್ಗೆ ಒಂದು ಮಾತು. ಅವು ಕಾಣದ್ದನ್ನು ಕಾಣಿಸುವುದಿಲ್ಲ, ಇಲ್ಲದ್ದನ್ನು ಊಹಿಸಿ ಬರೆಯುತ್ತವೆ. ಕಣ್ಣು ಹೊಳೆಯುತ್ತದೆ, ಹಲ್ಲು ಸಾಲಾಗುತ್ತದೆ, ಆದರೆ ಅದು ನಿಮ್ಮ ಮುತ್ತಜ್ಜಿಯಲ್ಲ. ಬಣ್ಣ ತುಂಬುವ ಆ್ಯಪ್ ಕೂಡ ಹಾಗೆಯೇ. ಆ ಬಟ್ಟೆ ಹಸಿರಿತ್ತೋ ನೇರಳೆಯೋ ಎಂದು ಅದಕ್ಕೇನು ಗೊತ್ತು? ಮೋಜಿಗೆ ಮಾಡಿಕೊಳ್ಳುವುದಾದರೆ ಫೈಲಿನ ಹೆಸರಿನಲ್ಲೇ ‘ತಿದ್ದಿದ್ದು’ ಎಂದು ಸೇರಿಸಿ.

6. ಇಡುವುದು, ಹಂಚುವುದು

ಮೂಲ ಫೋಟೋಗಳು ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಅಥವಾ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕವರಿನಲ್ಲಿ, ತಂಪಾದ, ತೇವವಿಲ್ಲದ ಬೀರುವಿನಲ್ಲಿ ಇರಲಿ. ಅಟ್ಟಕ್ಕೆ ಸೆಖೆ, ನೆಲಕ್ಕೆ ತೇವ, ಎರಡೂ ಆಗದು. ಸ್ಕ್ಯಾನ್ ಪ್ರತಿ ಮೂರು ಇರಲಿ. ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ನೋಟ್‌ಬುಕ್ಕನ್ನೂ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿಗೆ ಹಾಕಿ.

ಎಷ್ಟು ಕೇಳಿದರೂ ಗುರುತು ಸಿಗದ ಮುಖಗಳು ಉಳಿದೇ ಉಳಿಯುತ್ತವೆ. ಎಸೆಯಬೇಡಿ. ಒಂದು ಹಾಳೆಗೆ ಆರರಂತೆ ಚಿಕ್ಕದಾಗಿ ಪ್ರಿಂಟು ಹಾಕಿ, ಸಂಖ್ಯೆ ಕೊಟ್ಟು, ನೆಂಟರೆಲ್ಲ ಸೇರುವ ಕಡೆ ಪೆನ್ಸಿಲ್ ಸಮೇತ ಬಿಟ್ಟುಬಿಡಿ. ದೂರದ ಸಂಬಂಧಿಕರಿಗೆ ಅಂಚೆಯಲ್ಲಿ ಕಳಿಸಿ. ಹಾಳೆ ವಾಪಸು ಬಂದಾಗ ಯಾವುದಾದರೂ ಮುಖದ ಕೆಳಗೆ ಹೆಸರು ಕಂಡರೆ, ಬರೆದವರ ಹೆಸರೂ ಇದೆಯೇ ನೋಡಿ. ಇಲ್ಲದಿದ್ದರೆ ಯಾರು ಬರೆದದ್ದೆಂದು ಅವತ್ತೇ ಫೋನ್ ಮಾಡಿ ಕೇಳಿ.