ಮನೆಯಲ್ಲಿ ಮೊದಲ ಸಲ ಬಿಯರ್ ಮಾಡುವವರಿಗೆ

ಅಮೆರಿಕದಲ್ಲಿ ಇದ್ದೀರಾ? ಅಲ್ಲಿ 1978ರ ಕಾನೂನಿನ ಪ್ರಕಾರ ಮನೆ ಬಳಕೆಗೆ ಬಿಯರ್ ಮಾಡಬಹುದು, ಮಾರುವಂತಿಲ್ಲ. ಮೊದಲ ಸಲಕ್ಕೆ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬರಿಸಿದ ಬಾರ್ಲಿಯಿಂದ ತೆಗೆದ ಸಿಹಿ ಪಾಕ ಅಥವಾ ಪುಡಿ) ತಗೊಳ್ಳಿ, ಕಾಳಿನಿಂದಲೇ ಶುರು ಮಾಡುವ ಹಟ ಬೇಡ. ನೀರಲ್ಲಿ ಕರಗಿಸಿ, ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು) ಹಾಕಿ ಒಂದು ಗಂಟೆ ಕುದಿಸಿ. ಒಲೆ ಆರಿಸಿದ ಮೇಲೆ ಈ ಕುದಿಸಿದ ದ್ರವಕ್ಕೆ ತಾಗುವ ಡಬ್ಬ, ಪೈಪು, ಮುಚ್ಚಳ, ಸೌಟು ಎಲ್ಲವನ್ನೂ ಸ್ಯಾನಿಟೈಸರ್‌ನಲ್ಲಿ ಅದ್ದಲೇಬೇಕು, ಇಲ್ಲಾಂದ್ರೆ ಬೇಡದ ಬ್ಯಾಕ್ಟೀರಿಯಾ ಸೇರಿ ಇಡೀ ಬ್ಯಾಚ್ ಹುಳಿಯಾಗಿಬಿಡುತ್ತದೆ. ಬೇಗ ತಣಿಸಿ, 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಏಲ್ ಯೀಸ್ಟ್ (ಏಲ್ ಬಗೆಯ ಬಿಯರ್‌ಗೆ ಬಳಸುವ ಯೀಸ್ಟ್) ಹಾಕಿ, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ) ಕೂರಿಸಿ, ಎರಡು ವಾರ ಸುಮ್ನೆ ಬಿಡಿ. ಪದೇ ಪದೇ ಮುಚ್ಚಳ ತೆಗೆದು ನೋಡಬೇಡಿ.

ಗುಳ್ಳೆ ನಿಂತಿತು ಅಂತ ಬಾಟಲಿಗೆ ತುಂಬಬೇಡಿ! ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) ಎರಡು ಮೂರು ದಿನ ಒಂದೇ ಅಂಕಿ ತೋರಿಸಬೇಕು. ಸಕ್ಕರೆ ಜಾಸ್ತಿ ಉಳಿದಿದ್ದರೆ ಬಾಟಲಿ ಸಿಡಿಯಬಹುದು. ಬಾಟಲಿಗೆ ತುಂಬುವಾಗ ಬಿಯರ್‌ನಲ್ಲಿ ಗ್ಯಾಸ್ ಬರಲು ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು.