ಲೇಕಲ್ಲಿ ಬೋಟ್ ಓಡ್ಸೋ ಮುಂಚೆ ಸ್ವಲ್ಪ ಓದ್ಕೊಳ್ಳಿ, ಅಮೆರಿಕಾಗೆ ಹೊಸದಾಗಿ ಬಂದೋರಿಗೆ

ಸಮ್ಮರ್ ಬಂತು ಅಂದ್ರೆ ನಾಲ್ಕು ಫ್ಯಾಮಿಲಿ ಸೇರ್ಕೊಂಡು ಪಾಂಟೂನ್ ಬೋಟ್ (ತೇಲೋ ಕೊಳವೆಗಳ ಮೇಲೆ ಚಪ್ಪಟೆ ಡೆಕ್ ಇರೋದು) ಬಾಡಿಗೆಗೆ ತಗೋತೀವಿ, ಕಾರ್ ಓಡ್ಸಕ್ಕೆ ಬರತ್ತಲ್ಲ ಇದೇನ್ ಮಹಾ ಅಂತ ಹೊಸಬ್ರೂ ಸ್ಟಿಯರಿಂಗ್ ಹಿಡೀತಾರೆ. ಆದ್ರೆ ಬೋಟಿಗೆ ಬ್ರೇಕ್ ಇಲ್ಲ ಸ್ವಾಮಿ. ಅದೂ ಅಲ್ದೆ ಬೋಟ್ ಹಿಂದೆ ಏಳೋ ಅಲೆ, ಅದೇ ವೇಕು, ನೀವು ದಾಟಿ ಹೋದ್ಮೇಲೂ ಹೋಗಿ ಯಾರಿಗೋ ಬಡಿಯತ್ತೆ. ಡಾಕಿಗೆ, ಅಂದ್ರೆ ದಡದ ಕಟ್ಟೆಗೆ, ಕಟ್ಟಿರೋ ಬೋಟ್ ಗುದ್ಕೊಂಡು ಹಾಳಾದ್ರೆ ಅದು ಓಡಿಸ್ದೋರ ತಲೆಗೇ ಬರೋದು.

ತುಂಬಾ ಜನ ಎಡವೋದು ಇಲ್ಲಿ: ಸ್ವಲ್ಪ ಸ್ಲೋ ಮಾಡಿದ್ರೆ ಅಲೆ ಕಮ್ಮಿ ಆಗಲ್ಲ, ಎಷ್ಟೋ ಸಲ ಜಾಸ್ತಿ ಆಗತ್ತೆ. ಫುಲ್ ಸ್ಪೀಡಲ್ಲಿ ಬೋಟ್ ನೀರಿನ ಮೇಲೆ ಎದ್ದು ಜಾರ್ಕೊಂಡು ಹೋಗತ್ತೆ, ಅರ್ಧಂಬರ್ಧ ಸ್ಪೀಡಿಗೆ ಇಳಿಸಿದ್ರೆ ಹಿಂಭಾಗ ನೀರೊಳಗೆ ಕೂತು ಮೂತಿ ಮೇಲೆದ್ದು ಎದುರಿಗೆ ಏನಿದೆ ಅಂತ್ಲೂ ಕಾಣಲ್ಲ, ದೊಡ್ಡ ಅಲೆ ಏಳೋದು ಆಗ್ಲೇ. ಅಲೆ ಡಬಲ್ ಎತ್ತರ ಆದ್ರೆ ಅದರ ಶಕ್ತಿ 4 ಪಟ್ಟು. ಹಾಗಾಗಿ ಬಿಳಿ ಬಾಯ್ (buoy, ನೀರಲ್ಲಿ ತೇಲೋ ಗುರುತು) ಮೇಲೆ ಆರೆಂಜ್ ವೃತ್ತ ಇದ್ದು ನೋ ವೇಕ್ ಅಂತ ಬರೆದಿದ್ರೆ ಪೂರ್ತಿ ಐಡಲ್‌ಗೆ ತನ್ನಿ, ಹಿಂದೆ ತಿರುಗಿ ನೋಡಿ, ಬಿಳಿ ನೊರೆ ಕಾಣ್ತಿದ್ರೆ ಇನ್ನೂ ಸ್ಪೀಡ್ ಜಾಸ್ತಿನೇ ಇದೆ. ಬಾಯ್ ಹತ್ರ ಬಂದ್ಮೇಲೆ ಗಕ್ಕಂತ ಥ್ರಾಟಲ್ (ಸ್ಪೀಡ್ ಹ್ಯಾಂಡಲ್) ಇಳಿಸ್ಬೇಡಿ, ಮುಂಚೆನೇ ನಿಧಾನಕ್ಕೆ ಇಳಿಸ್ಕೊಂಡು ಬನ್ನಿ, ಇಲ್ದಿದ್ರೆ ನಿಮ್ಮದೇ ಅಲೆ ಹಿಂದಿಂದ ಬಂದು ಬೋಟ್ ಒಳಗೆ ನೀರು ತುಂಬತ್ತೆ.

ಬೇರೆಯವ್ರ ಅಲೆ ಬಂದಾಗ ಎಲ್ರಿಗೂ ಹಿಡ್ಕೊಳ್ಳಿ ಅಂತ ಕೂಗಿ, ಸ್ಪೀಡ್ ಇಳಿಸಿ, ಅಲೆ ಪಕ್ಕದಿಂದ ಬಡಿಯೋಕೆ ಬಿಡ್ದೆ ಓರೆಯಾಗಿ ದಾಟಿ. ಪಾಂಟೂನಲ್ಲಿ ಎಲ್ರೂ ಸೆಲ್ಫಿಗೆ ಅಂತ ಮುಂದೆ ಸೇರಿರ್ತಾರೆ, ಆ ಟೈಮಲ್ಲಿ ಥ್ರಾಟಲ್ ಪೂರ್ತಿ ಇಳಿಸಿದ್ರೆ ಮೂತಿ ಬಗ್ಗಿ ಡೆಕ್ ಮೇಲೆಲ್ಲಾ ನೀರು, ಹಾಗಾಗಿ ಜನಾನ ಹಿಂದಕ್ಕೆ ಕಳ್ಸಿ, ಸ್ವಲ್ಪ ಥ್ರಾಟಲ್ ಇಟ್ಕೊಂಡೇ ದಾಟಿ. ಗೇಟಿನ ಆಚೆ ಕಾಲು ಇಳಿಬಿಟ್ಟು ಕೂರೋಕೆ ಯಾರನ್ನೂ ಬಿಡ್ಬೇಡಿ, ಭಾವ ಆಗ್ಲಿ ಬಾಸ್ ಆಗ್ಲಿ.

ಕಯಾಕ್‌ನವ್ರು (ಹುಟ್ಟು ಹಾಕೋ ಸಣ್ಣ ದೋಣಿಯವ್ರು), ಮೀನು ಹಿಡಿಯೋರು ಕಂಡ್ರೆ ದೂರದಿಂದ್ಲೇ ಸ್ಲೋ ಆಗಿ. ಯಾರಾದ್ರೂ ಕೈ ಬೀಸಿದ್ರೆ ಹಾಯ್ ಅಂತ ತಿರುಗಿ ಬೀಸೋಕೆ ಮುಂಚೆ ಸರಿಯಾಗಿ ನೋಡಿ, ಸ್ಲೋ ಮಾಡ್ರಪ್ಪಾ ಅಂತಿರ್ಬೋದು.

13 ವರ್ಷದೊಳಗಿನ ಮಕ್ಕಳಿಗೆ ಬೋಟ್ ಓಡ್ತಿರೋವಾಗ ಲೈಫ್ ಜಾಕೆಟ್ ಹಾಕಿರ್ಲೇಬೇಕು ಅಂತ ಫೆಡರಲ್ ರೂಲ್ ಇದೆ, ಕೆಲವು ಸ್ಟೇಟಲ್ಲಿ ವಯಸ್ಸು ಬೇರೆ. 26 ಅಡಿಗಿಂತ ಚಿಕ್ಕ ಬೋಟಾದ್ರೆ ಕೆಂಪು ಸುರುಳಿ ದಾರ ಕೊಡ್ತಾರಲ್ಲ, ಓಡ್ಸೋರು ಬಿದ್ರೆ ಎಂಜಿನ್ ಆಫ್ ಮಾಡೋದು, 2021ರ ಏಪ್ರಿಲಿಂದ ಅದೂ ಕಾನೂನು, ಕೀ ಜೊತೆ ನೇತಾಡಿಸ್ದೆ ಮೈಗೆ ಸಿಕ್ಕಿಸ್ಕೊಳ್ಳಿ.