ಮಿಕಾಯೇಲನ ತಕ್ಕಡಿ: ಚಿತ್ರ ನೋಡುವಾಗ ಕೈಗಳನ್ನು ನೋಡಿ

ಬೇಳದ ಕಡೆ ಕ್ರೈಸ್ತ ಗೆಳೆಯರ ಮನೆಗೆ ಹೋದರೆ ಕೆಲವೊಮ್ಮೆ ಗೋಡೆಯಲ್ಲಿ ಒಂದು ಚಿತ್ರ ಕಾಣುತ್ತದೆ. ರೆಕ್ಕೆಯಿರುವ ದೇವದೂತ ಮಿಕಾಯೇಲ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ತಕ್ಕಡಿ, ಕಾಲಡಿಯಲ್ಲಿ ಸೈತಾನ. ನಾನು ತುಂಬಾ ಕಾಲ "ಇವನು ಅವರ ಚಿತ್ರಗುಪ್ತ" ಎಂದುಕೊಂಡು ಸುಮ್ನೆ ಮುಂದೆ ಹೋಗುತ್ತಿದ್ದೆ. ಹಾಗೆ ಮಾಡಬೇಡಿ, ಸ್ವಲ್ಪ ನಿಲ್ಲಿ.

ಮೊದಲು ತಟ್ಟೆಯಲ್ಲಿ ಏನಿದೆ ನೋಡಿ. ಒಂದು ಕಡೆ ಹೃದಯ, ಇನ್ನೊಂದು ಕಡೆ ಗರಿ ಇದ್ದರೆ ಅದು ಹಳೆಯ ಈಜಿಪ್ಟಿನದು. ಕ್ರೈಸ್ತ ಚಿತ್ರದಲ್ಲಿ ಸಾಮಾನ್ಯವಾಗಿ ಪುಟ್ಟ ಬತ್ತಲೆ ಮನುಷ್ಯ ಇರುತ್ತಾನೆ, ಅದೇ ಆತ್ಮ. ಯಾವ ತಟ್ಟೆ ಕೆಳಗಿದೆ ಎಂದು ನೋಡಿ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಫ್ರಾನ್ಸಿನ ಬೋನ್ ಊರಿನಲ್ಲಿರುವ 15ನೇ ಶತಮಾನದ ಚಿತ್ರದಲ್ಲಿ ಕೆಳಗಿಳಿದಿರುವುದು ಪಾಪದ ತಟ್ಟೆ.

ಆಮೇಲೆ ಕೈಗಳನ್ನು ನೋಡಿ. ಅಡಿಕೆ ಮಾರಲು ಹೋದಾಗ ನಾವು ಮುಳ್ಳಿನ ಜೊತೆಗೆ ತೂಗುವವನ ಕೈಯನ್ನೂ ನೋಡುತ್ತೇವೆ ಅಲ್ವಾ? ಅದೇ ಥರ. ಫ್ರಾನ್ಸಿನದೇ ಓತಾಂ ಊರಿನ ಇಗರ್ಜಿಯ ಬಾಗಿಲ ಮೇಲಿನ 12ನೇ ಶತಮಾನದ ಕೆತ್ತನೆಯಲ್ಲಿ ಸೈತಾನ ತಕ್ಕಡಿಗೇ ಕೈ ಹಾಕಿ ಎಳೆಯುತ್ತಾನೆ.

ಈಗ ಬೈಬಲ್ ತೆರೆಯಿರಿ. ದಾನಿಯೇಲ 5ರಲ್ಲಿ ಬೇಲ್ಶಚ್ಚರ ರಾಜನ ಗೋಡೆಯ ಮೇಲೆ ಬಂದ "ತೆಕೇಲ್" ಎಂಬ ಮಾತಿಗೆ, ನಿನ್ನನ್ನು ತೂಗಿದಾಗ ನೀನು ಕಡಿಮೆ ಬಿದ್ದೆ ಎಂದು ಅರ್ಥ. ಯೋಬ 31:6ರಲ್ಲಿ ಯೋಬನೇ ನನ್ನನ್ನು ಸರಿಯಾದ ತಕ್ಕಡಿಯಲ್ಲಿ ತೂಗಲಿ ಎನ್ನುತ್ತಾನೆ. ಎರಡರಲ್ಲೂ ತೂಕ ಬದುಕಿರುವವರದ್ದೇ. ಪ್ರಕಟನೆ 6ರ ಕಪ್ಪು ಕುದುರೆಯವನ ತಕ್ಕಡಿ ಬರಗಾಲದ ಧಾನ್ಯದ್ದು, ಆತ್ಮದ್ದಲ್ಲ. ಮತ್ತಾಯ 25ರ ತೀರ್ಪಿನಲ್ಲಂತೂ ತಕ್ಕಡಿಯೇ ಇಲ್ಲ, ಅಲ್ಲಿ ಕೇಳುವುದು ಹಸಿದವರಿಗೆ ಊಟ ಕೊಟ್ಟಿರಾ ಎಂದು.

ಸತ್ತ ಮೇಲಿನ ತೂಕ ಬಿಡಿಸಿ ಬಿಡಿಸಿ ಕಾಣುವುದು ಬೈಬಲಿನ ಹೊರಗೆ, ಅಬ್ರಹಾಮನ ಮರಣಶಾಸನ ಎಂಬ ಹಳೆಯ ಗ್ರೀಕ್ ಕಥೆಯಲ್ಲಿ. ಇದನ್ನು ನಿಧಾನ ಓದಿ. ತೂಗುವವನು ಮಿಕಾಯೇಲ ಅಲ್ಲ, ದೋಕಿಯೇಲ ಎಂಬ ದೂತ. ಬಲಗಡೆಯ ದೂತ ಪುಣ್ಯ ಬರೆಯುತ್ತಾನೆ, ಎಡಗಡೆಯವನು ಪಾಪ ಬರೆಯುತ್ತಾನೆ, ಇನ್ನೊಬ್ಬ ಬೆಂಕಿಯಲ್ಲಿ ಪರೀಕ್ಷಿಸುತ್ತಾನೆ. ತೀರ್ಪು ಕೊಡುವವನು ಹೇಬೆಲ, ಅಣ್ಣನ ಕೈಯಲ್ಲೇ ಸತ್ತವನು! ಒಂದು ಆತ್ಮದ ಪಾಪ, ಪುಣ್ಯ ಎರಡೂ ಸರಿಸಮ ಬರುತ್ತವೆ. ಅದು ಆಚೆಯೂ ಇಲ್ಲ, ಈಚೆಯೂ ಇಲ್ಲ. ನೋಡಲು ಬಂದಿದ್ದ ಅಬ್ರಹಾಮ, ಇದು ಪಾರಾಗಲು ಇನ್ನೇನು ಬೇಕು ಎಂದು ಕೇಳುತ್ತಾನೆ. ಒಂದೇ ಒಂದು ಪುಣ್ಯ ಜಾಸ್ತಿ ಇದ್ದಿದ್ದರೆ ಸಾಕಿತ್ತು ಎಂಬ ಉತ್ತರ ಬರುತ್ತದೆ. ಅಬ್ರಹಾಮನೂ ಅವನ ಜೊತೆಗಿದ್ದ ಮಿಕಾಯೇಲನೂ ಪ್ರಾರ್ಥಿಸಿ ಎದ್ದು ನೋಡಿದರೆ ಆ ಆತ್ಮ ಅಲ್ಲಿಲ್ಲ, ಸ್ವರ್ಗಕ್ಕೆ ಹೋಗಿದೆ. ಓದಿದಾಗ ನನಗೆ ಗಂಟಲು ಕಟ್ಟಿತು. ಯೆಹೂದಿಗಳ ಧರ್ಮಗ್ರಂಥ ತಾಲ್ಮುದಿನಲ್ಲೂ ಹೀಗೆ ನಡುವೆ ಸಿಕ್ಕಿದವರ ಮಾತು ಬರುತ್ತದೆ, ದೇವರು ಕರುಣೆಯ ಕಡೆಗೇ ವಾಲಿಸುತ್ತಾನೆ ಎಂದು ಹಿಲ್ಲೇಲ ಎಂಬ ಗುರುವಿನ ಶಿಷ್ಯರು ಹೇಳುತ್ತಾರೆ.

ಇದನ್ನು ಓದಿದ ಮೇಲೆ ಮತ್ತೆ ಚಿತ್ರಗಳಿಗೆ ಬನ್ನಿ, ಸೈತಾನನ ಕೈಗೆ ಎದುರಾಗಿ ಬೇರೆ ಕೈ ಇದೆಯಾ ಹುಡುಕಿ. ಇಂಗ್ಲೆಂಡಿನ ಕೆಲವು ಹಳೆಯ ಇಗರ್ಜಿಗಳ ಗೋಡೆಚಿತ್ರದಲ್ಲಿ ಮಾತೆ ಮರಿಯಮ್ಮ ಪಕ್ಕದಲ್ಲಿ ನಿಂತು, ಆತ್ಮದ ಕಡೆ ಭಾರ ಬೀಳಲಿ ಎಂದು ತನ್ನ ಜಪಸರವನ್ನು ತಕ್ಕಡಿಯ ದಂಡದ ಮೇಲೆ ಇಡುತ್ತಾಳೆ.